ಪದ ಬೇಕು: ಅಮೆರಿಕದ ಹಳ್ಳಿಗಾಡಿನ ‘ಟೌನ್‌ಶಿಪ್’ (ತುರ್ತು)

ಎಲ್ಲರಿಗೂ ನಮಸ್ಕಾರ. ಮಕ್ಕಳ ಭೂಗೋಳದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಗ್ಗೆ ಕೊಡಲೇಬೇಕು. ಅಯೋವಾ ರಾಜ್ಯದ ಒಂದು ಟೌನ್‌ಶಿಪ್ಪಿನ ವಿಚಾರ. ವಿಸ್ತೀರ್ಣ 36 ಚದರ ಮೈಲಿ, ಕೆಲವೇ ನೂರು ಜನ, ಪೇಟೆ ಎಂಬುದೇ ಇಲ್ಲ. ನಮ್ಮಲ್ಲಿ ಟೌನ್‌ಶಿಪ್ ಎಂದರೆ ಕುದುರೆಮುಖದಲ್ಲಿದ್ದಂತೆ ಗಣಿ, ಕಾರ್ಖಾನೆಯವರ ಕ್ವಾರ್ಟರ್ಸು, ಇಲ್ಲವೇ ಬಿಲ್ಡರುಗಳ ಬಡಾವಣೆ. ‘ಪಟ್ಟಣ’ ಎಂದು ಬರೆದು ನೋಡಿದೆ. ‘ಈ ಪಟ್ಟಣದಲ್ಲಿ ಪಟ್ಟಣಗಳಿಲ್ಲ’ ಎಂಬ ವಾಕ್ಯ ಬಂತು, ಹೊಡೆದು ಹಾಕಿದೆ. ದಯವಿಟ್ಟು ತಿಳಿದವರು ಹೇಳಿ.

———

ಹೋಬಳಿ. ಇದಕ್ಕೆ ಚರ್ಚೆಯೇ ಬೇಡ. ಅಲ್ಲಿ ಟೌನ್‌ಶಿಪ್ಪಿನ ಮೇಲಿನ ಆಡಳಿತ ಘಟಕವಾದ ಕೌಂಟಿ ನಮ್ಮ ತಾಲ್ಲೂಕು, ಅದರ ಕೆಳಗಿನದು ಹೋಬಳಿ. ಕೈಯಲ್ಲಿ ಪದ ಇಟ್ಟುಕೊಂಡು ಊರೆಲ್ಲ ಹುಡುಕುವುದು ನಮಗೆ ರೂಢಿಯಾಗಿಬಿಟ್ಟಿದೆ.

———

> ಹೋಬಳಿ. ಇದಕ್ಕೆ ಚರ್ಚೆಯೇ ಬೇಡ.

ಬೇಕು ಸಾರ್. ಹೋಬಳಿ ಕಂದಾಯದ ಲೆಕ್ಕಕ್ಕೆ ಇರುವುದು. ನಾಡಕಚೇರಿಗೆ ಹೋಗಿ ಪಹಣಿ ತರುತ್ತೇವೆ, ಹೋಬಳಿಗೆಂದು ಯಾರೂ ಓಟು ಹಾಕಿಲ್ಲ. ಅಯೋವಾದಲ್ಲಿ ಸಾಮಾನ್ಯವಾಗಿ ಜನ ಓಟು ಹಾಕಿ ಟೌನ್‌ಶಿಪ್ಪಿಗೆ ಟ್ರಸ್ಟಿಗಳನ್ನು ಆರಿಸುತ್ತಾರೆ. ಬೆಂಕಿ ಆರಿಸುವ ವ್ಯವಸ್ಥೆ, ಸ್ಮಶಾನದ ನಿಗಾ, ಅಕ್ಕಪಕ್ಕದ ರೈತರ ಬೇಲಿ ತಕರಾರು, ಇವು ಅವರ ಪಾಲಿನ ಕೆಲಸ.

ಇನ್ನೂ ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಊರುಗಳು ಮೊದಲು ಹುಟ್ಟಿದವು, ಅವನ್ನು ಒಟ್ಟು ಮಾಡಿ ಹೋಬಳಿ ಎಂದರು. ಅಲ್ಲಿ ಗೆರೆ ಮೊದಲು. 1785ರ ಭೂಕಾಯಿದೆಯ ಪ್ರಕಾರ ಸರ್ವೆಯವರು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಎಳೆಯುತ್ತಾ ಹೋದರು. ಒಂದು ಚೌಕದಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ, 16ನೆಯದು ಶಾಲೆಗೆ ಮೀಸಲು. ಅಲ್ಲಿ ಮೊದಲಿನಿಂದ ಬಾಳುತ್ತಿದ್ದ ಮೂಲನಿವಾಸಿಗಳನ್ನು ಆ ಗೆರೆ ಲೆಕ್ಕಕ್ಕೇ ಹಿಡಿಯಲಿಲ್ಲ. ನಾನು ಅಯೋವಾದ ಏಮ್ಸ್ ಎಂಬ ಊರಿನಲ್ಲಿ ಓದುವಾಗ ಕಂಡದ್ದು ಆ ಗೆರೆಯನ್ನೇ: ಮೈಲಿಗೊಂದು ಜಲ್ಲಿ ರಸ್ತೆ, ದಾರ ಹಿಡಿದಂತೆ ನೇರ, ಎರಡೂ ಬದಿ ಮುಸುಕಿನ ಜೋಳ, ಸೋಯಾ. ಕಣ್ಣು ಹಾಯುವಷ್ಟು ದೂರದಲ್ಲಿ ಒಂದೋ ಎರಡೋ ಮನೆ. ಇದನ್ನು ಹೋಬಳಿ ಎಂದರೆ ಮಗು ನಲವತ್ತು ಹಳ್ಳಿ, ಒಂದು ಸಂತೆ ಕಲ್ಪಿಸಿಕೊಳ್ಳುತ್ತದೆ.

———

ಬೇಲಿ ತಕರಾರು ಎಂದಿರಲ್ಲ, ಪದದ ಬೇರು ಅಲ್ಲೇ ಇದೆ! ‘ಟೌನ್’ ಹಳೆಯ ಇಂಗ್ಲಿಷಿನ ‘ಟೂನ್’, ಬೇಲಿ ಹಾಕಿದ ಜಾಗ. ಅದರ ದಾಯಾದಿ ಜರ್ಮನ್ ‘ತ್ಸೌನ್’ ಇವತ್ತಿಗೂ ಬೇಲಿಯೇ. ನಮ್ಮ ‘ಪಟ್ಟಿ’ ದನಕುರಿ ಕೂಡುವ ದೊಡ್ಡಿ, ಪಕಾರ ಹಕಾರವಾಗಿ ‘ಹಟ್ಟಿ’, ಕೊನೆಗೆ ಜನವಸತಿ. ಎರಡು ನುಡಿಗಳೂ ತುಳಿದದ್ದು ಒಂದೇ ದಾರಿ. ‘ಹಟ್ಟಿನಾಡು’ ಎಂದು ಬರೆಯಿರಿ, ಹತ್ತು ಸಲ ಬಳಸಿದರೆ ತಾನೇ ನಿಲ್ಲುತ್ತದೆ.

———

ಬೇರು ಒಪ್ಪಿದೆ, ಪದ ಒಪ್ಪಲಾರೆ. ಹಟ್ಟಿ ಎಂದರೆ ಚಿತ್ರದುರ್ಗದ ಕಡೆಯವಳಾದ ನನಗೆ ಮೊದಲು ಕಾಣುವುದು ಊರಾಚೆ ಇಟ್ಟವರ ಮನೆಗಳು. ಮಕ್ಕಳ ಲೇಖನಕ್ಕೆ ಅದನ್ನು ಎಳೆದು ತರಬೇಡಿ.

———

ಹಾಗಾದರೆ ಟೌನ್‌ಶಿಪ್ ಎಂದೇ ಬರೆಯಿರಿ, ಅನುವಾದ ಎಂದು ಯಾಕೆ ಕರೆಯುತ್ತೀರಿ? ಇಂಗ್ಲಿಷ್ ಲಿಪಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬಂದಾಯಿತು.

———

ತಾವು ಮೊದಲ ಉತ್ತರದಲ್ಲೇ ಬರೆದ ‘ತಾಲ್ಲೂಕು’ ಅರಬ್ಬಿಯಿಂದ ಬಂದದ್ದು, ‘ಜಿಲ್ಲೆ’ಯೂ ಅಷ್ಟೆ. ಆಡಳಿತದ ಪದ ಆಡಳಿತದ ಜೊತೆ ಬರುತ್ತದೆ. ಆ ಆಡಳಿತ ನಮ್ಮಲ್ಲಿ ಇಲ್ಲದಿರುವಾಗ ನಮ್ಮ ಪದಕ್ಕೆ ಅದರ ಅಂಗಿ ತೊಡಿಸಿದರೆ ಹೋಬಳಿಗೂ ಅನ್ಯಾಯ, ಅಯೋವಾಕ್ಕೂ ಅನ್ಯಾಯ. ಕೌಂಟಿ ಕ್ರಿಕೆಟ್ ಕೇಳಿ ಬೆಳೆದವರಿಗೆ ‘ಕೌಂಟಿ’ಯೂ ಹೊಸದಲ್ಲ.

———

ಎಲ್ಲರಿಗೂ ವಂದನೆ. ಮೊದಲ ಸಾಲಿನಲ್ಲಿ ‘ಟೌನ್‌ಶಿಪ್, ಅಂದರೆ ಆರು ಮೈಲಿ ಚೌಕದ ಆಡಳಿತ ತುಂಡು’ ಎಂದು ಬರೆದು, ಮುಂದೆಲ್ಲ ಟೌನ್‌ಶಿಪ್ ಎಂದೇ ಇಟ್ಟಿದ್ದೇನೆ. ‘ಹೋಬಳಿಗಿಂತ ಇದು ಬೇರೆ’ ಎಂದು ಒಂದು ವಾಕ್ಯ ಸೇರಿಸಿದೆ. ಈಗ ‘ಸೆಕ್ಷನ್’ ಉಳಿದಿದೆ. ನಮ್ಮ ಸರ್ವೆ ನಂಬರ್ ಅದಕ್ಕೆ ಹೊಂದೀತೇ? ಒಂಬತ್ತು ಗಂಟೆಯವರೆಗೆ ಕಾಯುತ್ತೇನೆ.