ಒಂದೇ ದಿನದ ಚಿತ್ರೀಕರಣ, 110 ಶಾಟ್‌ಗಳ ಪಟ್ಟಿ: ಯಾವುದನ್ನು ಬಿಡಬೇಕು?

ಪ್ರಶ್ನೆ:
ಕೋರ್ಸಿನ ಅಂತಿಮ ಪ್ರಾಜೆಕ್ಟ್‌ಗಾಗಿ ನಮ್ಮ ನಾಲ್ವರ ತಂಡವು 4 ನಿಮಿಷದ ಹಾಡೊಂದಕ್ಕೆ ವಿಡಿಯೊ ಮಾಡುತ್ತಿದೆ. ಕ್ಯಾಮೆರಾ ಒಂದೇ ಇದೆ, ಸಿಗುವುದೂ ಒಂದೇ ದಿನ. ಗಾಯಕಿ ಹಾಡುವ ದೃಶ್ಯಗಳ ನಡುವೆ, ಕಳೆದುಹೋದ ಪತ್ರವೊಂದನ್ನು ಹುಡುಕುವ ಪುಟ್ಟ ಕಥೆ ಹೆಣೆದುಕೊಂಡಿದೆ. ಸಾಹಿತ್ಯದ ಒಂದೊಂದು ಸಾಲಿಗೂ ಶಾಟ್‌ಗಳನ್ನು ಬರೆಯುತ್ತಾ ಹೋದಂತೆ ಪಟ್ಟಿ 110ಕ್ಕೆ ಬಂದು ನಿಂತಿದೆ. ಯಾವುದನ್ನು ಬಿಡಬೇಕೆಂದು ತೋಚುತ್ತಿಲ್ಲ. ಇದರ ಜೊತೆಗೆ, ಎರಡನೆಯ ಚರಣದಲ್ಲಿ ಗಾಯಕಿ ನಿಧಾನಗತಿಯಲ್ಲಿ ಕಾಣಿಸಿಕೊಳ್ಳಬೇಕು, ತುಟಿಚಲನೆ ಮಾತ್ರ ಹಾಡಿಗೆ ಹೊಂದಿಕೊಂಡೇ ಇರಬೇಕು. ಇದು ಸಾಧ್ಯವೇ?

ಉತ್ತರ 1:
ನಿಮ್ಮ ಪಟ್ಟಿಯಲ್ಲಿ ಚಿತ್ರೀಕರಣದ ಕೆಲಸವೂ ಸಂಕಲನದ ಕೆಲಸವೂ ಬೆರೆತುಹೋಗಿವೆ. 240 ಸೆಕೆಂಡುಗಳ ಹಾಡಿನಲ್ಲಿ ಸರಾಸರಿ ಎರಡೂವರೆ ಸೆಕೆಂಡಿಗೊಂದು ಕಟ್ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬದಲಾವಣೆ) ಬಂದರೂ 96 ಕಟ್‌ಗಳಾಗುತ್ತವೆ, ಆದ್ದರಿಂದ 110 ಎಂಬ ಸಂಖ್ಯೆ ಹೆದರುವಂಥದ್ದಲ್ಲ. ನೀವು ಎಣಿಸಬೇಕಾದದ್ದು ಸೆಟಪ್‌ಗಳನ್ನು, ಅಂದರೆ ಕ್ಯಾಮೆರಾ ಮತ್ತು ಬೆಳಕನ್ನು ಎಷ್ಟು ಬಾರಿ ಕದಲಿಸಿ ಮತ್ತೆ ಹೊಂದಿಸಬೇಕಾಗುತ್ತದೆ ಎಂಬುದನ್ನು. ಒಂದು ಸೆಟಪ್‌ಗೆ 20 ನಿಮಿಷ ಹಿಡಿದರೆ ಎಂಟು ಗಂಟೆಗಳಲ್ಲಿ 24 ಮಾತ್ರ ಸಾಧ್ಯ. ಹೊಸ ತಂಡಕ್ಕೆ 18 ಎಂದಿಟ್ಟುಕೊಳ್ಳುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಹಾಡುವ ಭಾಗವನ್ನು ಸಾಲುಸಾಲಾಗಿ ತುಂಡರಿಸಬೇಡಿ. ವೈಡ್ (ಸುತ್ತಲಿನ ಜಾಗವೂ ಕಾಣುವಂತೆ), ಮಿಡ್ (ಸೊಂಟದಿಂದ ಮೇಲೆ), ಕ್ಲೋಸ್‌ಅಪ್ (ಮುಖ ಮಾತ್ರ) ಎಂಬ ಮೂರೇ ಸೆಟಪ್‌ಗಳಲ್ಲಿ, ಪ್ರತಿಯೊಂದರಲ್ಲೂ ಇಡೀ ಹಾಡನ್ನು ಎರಡೆರಡು ಬಾರಿ ಹಾಡಿಸಿ ಚಿತ್ರೀಕರಿಸಿಕೊಳ್ಳಿ. ಒಟ್ಟು ರೆಕಾರ್ಡಿಂಗ್ 24 ನಿಮಿಷವಷ್ಟೇ ಆಗುತ್ತದೆ, ಆದರೆ ಸಂಕಲನಕಾರರು ಯಾವ ಸಾಲಿನಲ್ಲಿ ಬೇಕಾದರೂ ಯಾವ ಕೋನಕ್ಕೆ ಬೇಕಾದರೂ ಹೋಗಬಹುದು. ಹಾಡಿನ ಆರಂಭಕ್ಕೆ ಮುನ್ನ ನಾಲ್ಕು ಬೀಪ್‌ಗಳನ್ನು ಸೇರಿಸಿಟ್ಟರೆ ಗಾಯಕಿಗೂ ಎತ್ತುಗಡೆ ಸಿಗುತ್ತದೆ, ಟೇಕ್‌ಗಳನ್ನು ಧ್ವನಿಗೆ ಹೊಂದಿಸುವುದೂ ಸುಲಭವಾಗುತ್ತದೆ. ಹಾಡನ್ನು ಸ್ಪೀಕರ್‌ನಲ್ಲಿ ಜೋರಾಗಿಯೇ ನುಡಿಸಿ, ಕ್ಯಾಮೆರಾದ ಮೈಕ್‌ನಲ್ಲಿಯೂ ಅದು ದಾಖಲಾಗಲಿ. ಗಾಯಕಿ ಸುಮ್ಮನೆ ತುಟಿಯಾಡಿಸದೆ ನಿಜವಾಗಿಯೂ ಹಾಡಬೇಕು; ಇಲ್ಲದಿದ್ದರೆ ಕತ್ತಿನ ನರಗಳಲ್ಲೂ ಉಸಿರಿನಲ್ಲೂ ಶ್ರಮ ಕಾಣುವುದಿಲ್ಲ, ಕ್ಲೋಸ್‌ಅಪ್‌ನಲ್ಲಿ ಆ ಕೊರತೆ ತಕ್ಷಣ ಗೊತ್ತಾಗುತ್ತದೆ.

ಉಳಿದ 15 ಸೆಟಪ್‌ಗಳನ್ನು ಕಥೆಗೆ ಮೀಸಲಿಡಿ. ಕಥೆಯ ಶಾಟ್‌ಗಳನ್ನು ಬಿಡಿ ಚೀಟಿಗಳಲ್ಲಿ ಬರೆದು, ಒಂದೊಂದನ್ನೇ ಎತ್ತಿಟ್ಟು ನೋಡಿ: ಅದಿಲ್ಲದೆಯೂ ಪತ್ರದ ಹುಡುಕಾಟ ಅರ್ಥವಾಗುವುದಾದರೆ ಅದನ್ನು ಬಿಡಬಹುದು. ಪೆಟ್ಟಿಗೆ ತೆರೆಯುವ ಕೈ, ಪತ್ರ ಕಂಡಾಗಿನ ಕಣ್ಣು, ಇಂಥವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಉತ್ತರ 2:
ನಿಧಾನಗತಿಯ ಪ್ರಶ್ನೆಗೆ ಉತ್ತರಿಸುತ್ತೇನೆ. ಖಂಡಿತ ಸಾಧ್ಯ. ವಿಡಿಯೊ ಸೆಕೆಂಡಿಗೆ 25 ಫ್ರೇಮ್‌ಗಳದ್ದಾದರೆ, ಆ ಚರಣವನ್ನು 50 ಫ್ರೇಮ್‌ಗಳಲ್ಲಿ ಚಿತ್ರೀಕರಿಸಿ, ಅದೇ ವೇಳೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ. ಗಾಯಕಿ ಆ ವೇಗಕ್ಕೆ ಹಾಡಿದ್ದನ್ನು ಮತ್ತೆ 25ಕ್ಕೆ ಇಳಿಸಿದಾಗ ತುಟಿಗಳು ಮೂಲ ಹಾಡಿಗೆ ಕೂಡಿಕೊಳ್ಳುತ್ತವೆ, ಕೂದಲು, ಬಟ್ಟೆ, ಕೈಗಳೆಲ್ಲ ತೇಲಿದಂತೆ ಕಾಣುತ್ತವೆ. ಶಟರ್, ಅಂದರೆ ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಅವಧಿ, 1/50 ಸೆಕೆಂಡಿನಿಂದ 1/100 ಸೆಕೆಂಡಿಗೆ ಹೋಗುವುದರಿಂದ ಬೆಳಕು ಅರ್ಧದಷ್ಟಾಗುತ್ತದೆ. ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು, ಬೆಳಕಿಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ವೇಗ ಹೆಚ್ಚಿಸಿದ ಹಾಡನ್ನು ಗಾಯಕಿಗೆ ಕೆಲವು ದಿನ ಮುಂಚೆಯೇ ಕೊಡಿ, ಅಭ್ಯಾಸವಿಲ್ಲದೆ ಆ ವೇಗದಲ್ಲಿ ಪದಗಳು ಬಾಯಿಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಚೀಟಿಗಳನ್ನು ಎತ್ತಿಡುತ್ತಾ ಹೋದಾಗ ಕಥೆ 13 ಸೆಟಪ್‌ಗಳಿಗೆ ಇಳಿದಿದೆ. ಹಾಡಿನ ಕ್ರಮದಲ್ಲಿಯೇ ಚಿತ್ರೀಕರಿಸಬೇಕೇ?

ಉತ್ತರ 1:
ಬೇಡ. ಕಿಟಕಿಯ ಬೆಳಕನ್ನು ನೆಚ್ಚಿಕೊಂಡ ಶಾಟ್‌ಗಳನ್ನು ಆ ಬೆಳಕು ಸರಿಯಾಗಿರುವ ಹೊತ್ತಿಗೆ ಒಟ್ಟಿಗೆ ಮುಗಿಸಿ, ದೀಪದ ಬೆಳಕಿನವನ್ನು ಆಮೇಲೆ ಮಾಡಿ. ಹಾಡುವ ಕ್ಲೋಸ್‌ಅಪ್ ಮಾತ್ರ ದಿನದ ಮೊದಲರ್ಧದಲ್ಲಿ, ಗಾಯಕಿಯ ಮುಖದಲ್ಲಿ ದಣಿವು ಕಾಣಿಸಿಕೊಳ್ಳುವ ಮುನ್ನವೇ ಆಗಿಬಿಡಲಿ.