ಫೈಂಡ್‌ಗೆ ‘ಹುಡುಕು’, ಲೊಕೇಟ್‌ಗೆ ‘ಪತ್ತೆ’: ಯಾಕೆ ಬೇಡ?

ಗೆಳೆಯರೇ,

ಕಲಬುರಗಿಯ ನಮ್ಮ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಲಿನಕ್ಸ್ ಕಮಾಂಡುಗಳ, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆದೇಶಗಳ, ಫಲಕ ಹಾಕುತ್ತಿದ್ದೇವೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಅದರಲ್ಲಿನ ಫೈಂಡ್, ಲೊಕೇಟ್ ಎಂಬ ಎರಡು ಕಮಾಂಡುಗಳಿಗೂ ಕನ್ನಡ ಪದ ಕೇಳಿದ್ದೆ. ಎರಡಕ್ಕೂ ‘ಶೋಧ’ ಸಾಕು ಎಂದಿರಿ. ಸಾಲದು.

ಎರಡೂ ಕಮಾಂಡುಗಳು ಫೈಲನ್ನು ಹೆಸರು ಹಿಡಿದು ಹುಡುಕುತ್ತವೆ, ನಿಜ. ಆದರೆ ಫೈಂಡ್ ಆಗಿಂದಾಗಲೇ ಒಂದೊಂದು ಫೋಲ್ಡರಿಗೂ ಇಳಿದು ನೋಡುತ್ತದೆ. ಲೊಕೇಟ್ ಮೊದಲೇ ಬರೆದಿಟ್ಟ ಪಟ್ಟಿ ನೋಡಿ ಹೇಳುತ್ತದೆ. ಆ ಪಟ್ಟಿ ಸಾಮಾನ್ಯವಾಗಿ ದಿನಕ್ಕೊಮ್ಮೆ ಹೊಸದಾಗುತ್ತದೆ. ಮೊನ್ನೆ ಒಬ್ಬ ಹುಡುಗಿ ‘ಪಹಣಿ’ ಅಂತ ಹೆಸರಿಟ್ಟು ಫೈಲ್ ಸೇವ್ ಮಾಡಿದಳು. ಎರಡೇ ನಿಮಿಷಕ್ಕೆ ಲೊಕೇಟ್ ಹಾಕಿ ನೋಡಿದಳು. ಏನೂ ಬರಲಿಲ್ಲ. ‘ಫೈಲ್ ಹೋಯ್ತ್ರೀ ಸರ್’ ಅಂತ ಗಾಬರಿಯಾದಳು. ಫೈಂಡ್ ಹಾಕಿದರೆ ಅಲ್ಲೇ ಇತ್ತು. ಈ ವ್ಯತ್ಯಾಸ ಫಲಕದ ಪದದಲ್ಲೇ ಗೊತ್ತಾಗಬೇಕು, ಅಲ್ವಾ?

‘ಕಂಡುಹಿಡಿ’ ಬೇಡವೇ ಬೇಡ. ಔಷಧಿ ಕಂಡುಹಿಡಿಯುತ್ತಾರೆ. ನಿನ್ನೆ ನಾನೇ ಇಟ್ಟ ಫೈಲನ್ನು ಯಾರು ಕಂಡುಹಿಡಿಯುತ್ತಾರೆ? ‘ಅರಸು’ ಎಂದು ಗೋಡೆಗೆ ಬರೆದರೆ ಮಕ್ಕಳು ರಾಜ ಎಂದು ಓದುತ್ತಾರೆ. ಫೈಂಡ್‌ಗೆ ‘ಹುಡುಕು’ ಸರಿ. ಹುಡುಕಿದ್ದು ಸಿಗಬಹುದು, ಸಿಗದೇನೂ ಇರಬಹುದು.

ಇನ್ನು ‘ಪತ್ತೆ’. ಹಿಂದಿಯ ಪದ, ತೆಗೆಯಿರಿ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದಿರಿ. ನಮ್ಮ ಕಡೆ ವಿಳಾಸಕ್ಕೇ ‘ಪತ್ತಾ’ ಅನ್ನುತ್ತೇವೆ. ಲೊಕೇಟ್ ಕೊಡುವುದೂ ಅದನ್ನೇ, ಆ ಫೈಲಿನ ಪೂರ್ತಿ ವಿಳಾಸ. ಇದಕ್ಕಿಂತ ಒಪ್ಪುವ ಪದ ನನಗಂತೂ ಕಾಣಲಿಲ್ಲ. ‘ಶೋಧ’ ಸಂಸ್ಕೃತದ್ದಲ್ಲವೇ? ಅದಕ್ಕೆ ಯಾರೂ ತಕರಾರು ಎತ್ತಲಿಲ್ಲ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಊರು ಇದು. ಉರ್ದು, ಮರಾಠಿ ಪದಗಳು ನಮ್ಮ ಮನೆಮಾತಿಗೆ ಬಂದು ತಲೆಮಾರುಗಳೇ ಆದವು. ಆ ಹುಡುಗಿಯ ‘ಪಹಣಿ’ಯೂ ಮರಾಠಿಯ ಪಾಹಣಿಯೇ. ರೈತರ ಬಾಯಿಂದ ಅದನ್ನು ಕಿತ್ತುಕೊಳ್ಳಲು ಹೊರಡುತ್ತೀರಾ?

ಒಂದು ತೊಡಕು ಉಳಿದಿದೆ. ಹೆಸರು ಅರ್ಧ ಮಾತ್ರ ನೆನಪಿದ್ದಾಗ ಹಾಕುವ * ಗುರುತಿಗೆ ‘ಚುಕ್ಕಿ’ ಎಂದಿದ್ದೀರಿ. ಆಕಾಶದಲ್ಲಿರುವುದು ನಮಗೂ ಚುಕ್ಕಿಯೇ. ಆದರೆ ಫೈಲಿನ ಹೆಸರಲ್ಲಿ ಪಿಡಿಎಫ್‌ಗೆ ಮೊದಲು ಬರುವ ಬೊಟ್ಟಿಗೂ ಮಕ್ಕಳು ಚುಕ್ಕಿ ಅಂತಲೇ ಅನ್ನುತ್ತಾರೆ. *.pdf ಅನ್ನು ‘ಚುಕ್ಕಿ ಚುಕ್ಕಿ ಪಿಡಿಎಫ್’ ಅಂದರೆ ಯಾವುದು ಯಾವುದು? ಸದ್ಯಕ್ಕೆ ‘ಹೂ’ ಎಂದು ಬರೆದಿದ್ದೇನೆ, ನೋಡಲು ಹಾಗೇ ಇದೆ. ಬೇರೆ ಪದ ಇದ್ದರೆ ರಾತ್ರಿ ಹತ್ತರೊಳಗೆ ತಿಳಿಸಿ.