ಫ್ರೆಂಚರ ‘ಸಿ’ಗೆ ಕನ್ನಡದಲ್ಲಿ ಏನಂತೀರಿ?

ಮೊನ್ನೆ ಅಕ್ಕನ ಮಗಳು ಫ್ರೆಂಚ್ ಪುಸ್ತಕ ಹಿಡಿದುಕೊಂಡು ಬಂದಳು. “ಚಿಕ್ಕಮ್ಮ, ಇವರಿಗೆ ಎರಡೆರಡು ಹೌದು ಇದೆ, ನಮಗೆ ಯಾಕೆ ಒಂದೇ?” ಅಂದಳು. ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಫ್ರೆಂಚ್‌ನಲ್ಲಿ “ಕಾಫಿ ಬೇಕಾ?” ಅಂತ ಕೇಳಿದರೆ ‘ವಿ’ ಅನ್ನುತ್ತಾರೆ. “ಕಾಫಿ ಬೇಡ್ವಾ?” ಅಂತ ಕೇಳಿದಾಗ ಬೇಕು ಅನ್ನೋದಾದರೆ ‘ವಿ’ ನಡೆಯೋದಿಲ್ಲ, ‘ಸಿ’ ಅನ್ನಬೇಕು. ಅಂದರೆ, “ನೀವು ಅಂದುಕೊಂಡದ್ದು ತಪ್ಪು, ನನಗೆ ಬೇಕು” ಅಂತ. ಜರ್ಮನ್ನರು ಇಂಥ ಕಡೆ ‘ಯಾ’ ಬಿಟ್ಟು ‘ಡೋಖ್’ ಅನ್ನುತ್ತಾರೆ, ಸ್ವೀಡನ್ನಿನವರು ‘ಯೂ’ ಅನ್ನುತ್ತಾರೆ. ಇಂಗ್ಲಿಷ್‌ನಲ್ಲೂ ಹಿಂದೆ ಈ ಭೇದ ಇತ್ತು. ನೇರ ಪ್ರಶ್ನೆಗೆ ‘ಯೇ’, ‘ನೇ’. ಇಲ್ಲ ಅಂತ ಬರುವ ಪ್ರಶ್ನೆಗೆ ‘ಯೆಸ್’, ‘ನೋ’. ಬೈಬಲ್ ಅನುವಾದಿಸಿದ ವಿಲಿಯಂ ಟಿಂಡೇಲ್ ‘ನೇ’ ಇರಬೇಕಾದಲ್ಲಿ ‘ನೋ’ ಬರೆದ ಅಂತ ಇಂಗ್ಲೆಂಡಿನ ವಿದ್ವಾಂಸ ಥಾಮಸ್ ಮೋರ್ 1532ರಲ್ಲಿ ಜಗಳವನ್ನೇ ತೆಗೆದಿದ್ದ. ಇಬ್ಬರ ನಡುವಿನ ದೊಡ್ಡ ಜಗಳ ಧರ್ಮದ್ದು, ಆದರೂ ಎರಡಕ್ಷರವನ್ನೂ ಬಿಡಲಿಲ್ಲ ನೋಡಿ!

ಈ ಪದಗಳು ಹುಟ್ಟಿದ ಕಥೆ ಇನ್ನೂ ಚೆನ್ನಾಗಿದೆ. ಫ್ರೆಂಚ್, ಇಟಾಲಿಯನ್ ನುಡಿಗಳ ತಾಯಿಯಾದ ಲ್ಯಾಟಿನ್‌ನಲ್ಲಿ ಹೌದು ಅನ್ನೋಕೆ ಅಂತಲೇ ಒಂದು ಪದ ಇರಲಿಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿ ಹೇಳುತ್ತಿದ್ದರು. ಇಲ್ಲವೇ ‘ಸಿಕ್’, ಅಂದರೆ ‘ಹೀಗೆ’, ಅನ್ನುತ್ತಿದ್ದರು. ಇಟಲಿಯ ‘ಸಿ’ ಬಂದದ್ದು ಈ ‘ಸಿಕ್’ನಿಂದ, ಫ್ರೆಂಚರ ‘ಸಿ’ ಕೂಡ. ದಕ್ಷಿಣ ಫ್ರಾನ್ಸಿನವರು ‘ಹೋಕ್’, ಅಂದರೆ ‘ಇದು’, ಅನ್ನೋದನ್ನು ಹಿಡಿದುಕೊಂಡರು. ಅದು ‘ಓಕ್’ ಆಯಿತು. ಉತ್ತರದವರು ಅದಕ್ಕೆ ‘ಅವನು’ ಅನ್ನುವ ‘ಇಲ್ಲೆ’ಯನ್ನು ಸೇರಿಸಿ ‘ಓಯಿಲ್’ ಮಾಡಿದರು. ಅದು ಸವೆದು ಸವೆದು ಇವತ್ತಿನ ‘ವಿ’. 14ನೇ ಶತಮಾನದ ಆರಂಭದಲ್ಲಿ ಇಟಲಿಯ ಕವಿ ಡಾಂಟೆ ಈ ನುಡಿಗಳನ್ನು ಬೇರೆ ಮಾಡಿದ್ದೇ ಹೌದು ಅನ್ನುವ ಪದ ನೋಡಿಕೊಂಡು: ಓಕ್ ಅನ್ನುವವರು, ಓಯಿಲ್ ಅನ್ನುವವರು, ಸಿ ಅನ್ನುವವರು. ಫ್ರಾನ್ಸಿನ ಲಾಂಗ್‌ದೋಕ್ ಸೀಮೆಯ ಹೆಸರಿನ ಅರ್ಥವೂ ‘ಓಕ್ ನುಡಿ’ ಅಂತಲೇ.

‘ಇದು’ ಅನ್ನೋದು ‘ಹೌದು’ ಆಗೋದು ವಿಚಿತ್ರ ಅನ್ನಿಸಿದರೆ ಮಲಯಾಳಿಗಳನ್ನು ಕೇಳಿ. ಅವರ ‘ಅತೆ’ ಅಂದರೆ ‘ಅದೇ’. ನಮ್ಮದು ಬೇರೆ ದಾರಿ, ‘ಆಗು’ ಅನ್ನೋದರಿಂದ ಬಂದದ್ದು. ಹಳಗನ್ನಡದ ‘ಅಪ್ಪುದು’ ಮುಂದೆ ‘ಅಹುದು’ ಆಗಿ, ಆಮೇಲೆ ‘ಹೌದು’ ಆಯಿತು. ಹವ್ಯಕರ ಮನೆಗಳಲ್ಲಿ ಇವತ್ತಿಗೂ ‘ಅಪ್ಪು’ ಕೇಳಿಸುತ್ತದೆ. ತೆಲುಗಿನ ‘ಅವುನು’, ತಮಿಳಿನ ‘ಆಮಾ’ ಕೂಡ ಇದೇ ಮನೆತನ.

ಇನ್ನು, ಕೇಳಿಸಿದ್ದನ್ನು ನಂಬಿದರೆ ಕೆಟ್ಟೆವು. ಗ್ರೀಕರ ‘ನೆ’ ಅಂದರೆ ಹೌದು. ಪಕ್ಕದ ಬಲ್ಗೇರಿಯಾದಲ್ಲಿ ‘ನೆ’ ಅಂದರೆ ಇಲ್ಲ. ಸಾಲದ್ದಕ್ಕೆ ಬಲ್ಗೇರಿಯಾದವರು ಹೌದು ಅನ್ನೋಕೆ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ಚೆಕ್ ಭಾಷೆಯ ‘ಅನೋ’ ಅಂದರೂ ಹೌದು, ಮಾತಿನ ಭರದಲ್ಲಿ ಅದು ಬರೀ ‘ನೋ’ ಆಗಿಬಿಡುತ್ತದೆ!

ಐರಿಷ್‌ನಲ್ಲಿ ಹೌದು, ಇಲ್ಲ ಅನ್ನೋಕೆ ಬಿಡಿ ಪದಗಳೇ ಇಲ್ಲ. “ಅರ್ಥ ಆಯ್ತಾ?” ಅಂದರೆ “ಆಯ್ತು” ಅನ್ನೋ ರೀತಿ. ಪೋರ್ಚುಗೀಸರೂ ಫಿನ್‌ಲ್ಯಾಂಡಿನವರೂ ಹೀಗೆ ಉತ್ತರ ಕೊಡೋದು ಜಾಸ್ತಿ. ನಾವೂ ಹಾಗೇ ಅಲ್ವಾ? “ಊಟ ಆಯ್ತಾ?” ಅಂತ ಕೇಳಿದರೆ ಯಾರೂ “ಹೌದು” ಅನ್ನೋದಿಲ್ಲ.

ತೊಂದರೆ ಬರೋದು ಇಲ್ಲ ಅಂತ ಬರುವ ಪ್ರಶ್ನೆಯಲ್ಲಿ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬರು ಇಂಗ್ಲಿಷ್‌ನಲ್ಲಿ “ನೀವು ನಾಳೆ ಬರಲ್ವಾ?” ಅಂತ ಕೇಳಿದರು. ನಾನು “ಯೆಸ್” ಅಂದೆ. ನನ್ನ ತಲೆಯಲ್ಲಿ ಇದ್ದದ್ದು “ಹೌದು, ಬರಲ್ಲ”. ಬೆಳಿಗ್ಗೆ ಆರಕ್ಕೆ ಮನೆ ಮುಂದೆ ಗಾಡಿ ಬಂದು ಹಾರ್ನ್ ಹೊಡೆಯಿತು.

ಹಾಗಾದರೆ ನಮ್ಮ ‘ಸಿ’ ಯಾವುದು? “ತಿಂಡಿ ತಿಂದಿಲ್ವಾ?” ಅಂತ ಕೇಳಿದಾಗ, ತಿಂದವರು ನಮ್ಮ ಮನೆಯಲ್ಲಿ “ತಿಂದೆನಲ್ಲ!” ಅನ್ನುತ್ತಾರೆ. ಕೊನೆಯ ಆ ‘ಅಲ್ಲ’ ಇಲ್ಲಿ ಯಾವುದನ್ನೂ ಅಲ್ಲಗಳೆಯುತ್ತಿಲ್ಲ, ಕೇಳಿದವರ ಅನುಮಾನವನ್ನು ಮಾತ್ರ ತಳ್ಳಿಹಾಕುತ್ತಿದೆ. ನನ್ನ ಲೆಕ್ಕದಲ್ಲಿ ಅದೇ ನಮ್ಮ ‘ಸಿ’, ಬಾಲವಾಗಿ ಅಂಟಿಕೊಂಡಿದೆ ಅಷ್ಟೇ. ಅಕ್ಕ ಒಪ್ಪುವುದಿಲ್ಲ. “ಇಲ್ಲ, ತಿಂದೆ” ಅಂತೀವಲ್ಲ, ಆ ‘ಇಲ್ಲ’ವೇ ‘ಸಿ’ ಅನ್ನುತ್ತಾಳೆ.

ಧಾರವಾಡ, ಕಲಬುರಗಿ, ಮಂಗಳೂರು, ಕೊಡಗಿನ ಕಡೆಯವರು ಸ್ವಲ್ಪ ತಿಳಿಸಿ. ತಿಂಡಿ ತಿಂದು ಕೈ ತೊಳೆದ ಮೇಲೂ “ತಿಂದಿಲ್ವಾ?” ಅಂತ ಯಾರಾದರೂ ಕೇಳಿದರೆ ನಿಮ್ಮ ಬಾಯಲ್ಲಿ ಮೊದಲು ಬರೋ ಪದ ಯಾವುದು?